ತಿಪ್ಪೆಗೆ ಒಡೆಯನಿದ್ದ ಕಾಲ

ಶಾಸನಗಳು ಎಡೆದೊರೆ ನಾಡು ಎಂದು ಕರೆಯುವ, ಕೃಷ್ಣೆ ತುಂಗಭದ್ರೆಯರ ನಡುವಿನ ರಾಯಚೂರು ಸೀಮೆಯಲ್ಲಿ ಕೋಟೆಗಿಂತ ಹಳೆಯದು, ಗುಡಿಗಳಿಗಿಂತ ಹಳೆಯದು, ಮಸ್ಕಿಯ ಅಶೋಕನ ಶಾಸನಕ್ಕಿಂತಲೂ ಹಳೆಯದು ಒಂದಿದೆ. ಅದು ಬೂದಿಯ ದಿಬ್ಬ. ನವಶಿಲಾಯುಗದ ದನಗಾಹಿಗಳು ಬಿಟ್ಟುಹೋದ ಇಂಥ ದಿಬ್ಬಗಳು ರಾಯಚೂರು, ಯಾದಗಿರಿ, ಬಳ್ಳಾರಿ ಜಿಲ್ಲೆಗಳಲ್ಲೂ ಪಕ್ಕದ ತೆಲಂಗಾಣದಲ್ಲೂ ಹರಡಿಕೊಂಡಿವೆ. ಇವು ಏನೆಂದು ಬಹುಕಾಲ ಯಾರಿಗೂ ಬಗೆಹರಿಯಲಿಲ್ಲ. ಹಂಪಿಯ ಬಳಿಯ ನಿಂಬಾಪುರದ ದಿಬ್ಬವನ್ನು ಜನ ವಾಲಿಯ ಚಿತೆಯ ಬೂದಿ ಎಂದರು. ಬ್ರಿಟಿಷರ ಕಾಲದ ಕೆಲವು ವಿದ್ವಾಂಸರು ಜ್ವಾಲಾಮುಖಿಯ ಬೂದಿ ಎಂದರು, ಇನ್ನು ಕೆಲವರು ಕಬ್ಬಿಣ ಕರಗಿಸಿದ ಕಿಟ್ಟ ಎಂದರು. 1957ರಲ್ಲಿ ಹಳೆಯ ಮಹಬೂಬನಗರ ಜಿಲ್ಲೆಯ ಉಟ್ನೂರಿನಲ್ಲಿ ಪುರಾತತ್ವಜ್ಞ ಎಫ್. ಆರ್. ಆಲ್ಚಿನ್ ಅಗೆದು ನೋಡಿದಾಗ ದೊಡ್ಡಿಯ ಬೇಲಿಗೆ ನೆಟ್ಟ ಗೂಟಗಳ ಕುಳಿಗಳು ಸಿಕ್ಕವು, ಹಸಿ ನೆಲದಲ್ಲಿ ಊರಿದ್ದ ದನದ ಗೊರಸಿನ ಗುರುತುಗಳೂ ಸಿಕ್ಕವು. ಅನುಮಾನ ಹರಿಯಿತು. ಅದು ಸಗಣಿ. ದೊಡ್ಡಿಯಲ್ಲಿ ವರ್ಷಗಟ್ಟಲೆ ಒಟ್ಟಿದ ಸಗಣಿಗೆ ಆಗಾಗ ಬೆಂಕಿ ಇಟ್ಟು ಬೆಳೆದ ಗುಡ್ಡ. ಸುರಪುರದ ಸೀಮೆಯಲ್ಲಿ ಕೆ. ಪದ್ದಯ್ಯನವರು ಅಗೆದ ಇಂಥದೇ ನೆಲೆಯ ಹೆಸರು ಬೂದಿಹಾಳ. ನೆಲದಡಿ ಏನಿದೆ ಎಂಬುದನ್ನು ಊರಿನ ಹೆಸರು ಮರೆತಿರಲಿಲ್ಲ.

ಈ ನಾಡಿನ ಇತಿಹಾಸ ಹೀಗೆ ಒಂದು ಕಸದ ಗುಡ್ಡದಿಂದಲೇ ಶುರುವಾಗುತ್ತದೆ ಎಂಬುದರಲ್ಲಿ ನನಗೊಂದು ಪಾಠ ಕಾಣುತ್ತದೆ. ಆ ದನಗಾಹಿಗಳು ಸುಟ್ಟದ್ದನ್ನೇ ಅವರ ನಂತರದ ಒಕ್ಕಲಿಗರು ಹೊಲಕ್ಕೆ ಹೊತ್ತರು. ವಸ್ತು ಒಂದೇ. ಅದು ಬೇಕು ಎನ್ನುವವನು ಬಂದ ದಿನ ಅದರ ಹೆಸರು ಗೊಬ್ಬರವಾಯಿತು. ಇಂದು ರಾಯಚೂರು ನಗರದಲ್ಲಿ, ದೇವದುರ್ಗ ಮಾನ್ವಿಗಳಲ್ಲಿ ಸ್ವಚ್ಛತಾ ಅಭಿಯಾನಗಳು ನಡೆಯುತ್ತಿವೆ. ಶಾಲೆಯ ಮಕ್ಕಳು ಫಲಕ ಹಿಡಿದು ಜಾಥಾ ಹೊರಡುತ್ತಾರೆ, ಸಂಘಸಂಸ್ಥೆಯವರು ಕೆರೆ ದಂಡೆಯಲ್ಲಿ ಪೊರಕೆ ಹಿಡಿಯುತ್ತಾರೆ, ಹಸಿಕಸ ಒಣಕಸ ಬೇರೆ ಮಾಡಿರೆಂದು ಆಟೊ ಟಿಪ್ಪರಿನ ಮೈಕು ಓಣಿ ಓಣಿಗೆ ಹೇಳಿಕೊಂಡು ತಿರುಗುತ್ತದೆ. ಇವೆಲ್ಲ ಬೇಕು. ಆದರೆ ಈ ಸೀಮೆಯ ಹಿಂದಿನ ಬದುಕನ್ನು ಹತ್ತಿರದಿಂದ ನೋಡಿದರೆ, ಊರು ಹಸನಾಗಿ ಉಳಿದದ್ದು ಗುಡಿಸಿದ್ದರಿಂದಲ್ಲ, ಗುಡಿಸಿದ್ದನ್ನು ಕೈಚಾಚಿ ತೆಗೆದುಕೊಳ್ಳುವವನು ಇದ್ದುದರಿಂದ. ಕಸಕ್ಕೆ ಒಡೆಯನಿದ್ದಷ್ಟು ಕಾಲ ಅದು ಕಸವಾಗಿರಲಿಲ್ಲ. ಆ ಒಡೆತನ ಹೇಗೆ ಕಟ್ಟಿಕೊಂಡಿತ್ತು, ಅದರ ಭಾರ ಯಾರ ತಲೆಯ ಮೇಲಿತ್ತು, ಅದು ಹೇಗೆ ಕಳಚಿತು ಎಂದು ತಿಳಿಯದೆ ಪೊರಕೆ ಹಿಡಿದರೆ ಕಸ ಜಾಗ ಬದಲಿಸುತ್ತದೆ, ಅಷ್ಟೇ.

ತಿಪ್ಪೆಯಿಂದಲೇ ನೋಡೋಣ. ಎರೆಹೊಲದ ಊರುಗಳಲ್ಲಿ ನಸುಕಿಗೆ ಎದ್ದ ಹೆಣ್ಣುಮಗಳ ಮೊದಲ ಕೆಲಸ ಕೊಟ್ಟಿಗೆಯ ಸಗಣಿ ಬಳಿಯುವುದು, ಅಂಗಳದ ಕಸ ಹೊಡೆಯುವುದು. ಬುಟ್ಟಿಯಲ್ಲಿ ಸಗಣಿಯ ಜತೆ ಸೇರುತ್ತಿದ್ದದ್ದು ಒಲೆಯ ಬೂದಿ, ದನ ತಿಂದು ಬಿಟ್ಟ ಜೋಳದ ಕಣಕಿಯ ತುಂಡು, ಗಂಜಳದಲ್ಲಿ ನೆನೆದ ಮಣ್ಣು, ಶೇಂಗಾದ ಸಿಪ್ಪೆ, ಮುರುಕು ಬುಟ್ಟಿ, ಚಿಂದಿ ಬಟ್ಟೆ. ಕುಂಬಾರ ಕೊಟ್ಟ ಗಡಿಗೆ ಒಡೆದರೆ ಅದೂ ಅಲ್ಲಿಗೆ. ಮಳೆಗಾಲವಿಡೀ ತಿಪ್ಪೆ ಒಳಗೊಳಗೇ ಬೇಯುತ್ತಿತ್ತು. ಚಳಿಗಾಲದ ಬೆಳಗ್ಗೆ ಅದರ ಮೈಯಿಂದ ಆವಿ ಏಳುತ್ತಿದ್ದರೆ ಕಳಿಯುತ್ತಿದೆ ಎಂದು ಅರ್ಥ. ಯುಗಾದಿ ದಾಟಿ ಹೊಲಗಳು ಬರಿದಾದಾಗ ತಿಪ್ಪೆ ಕಡಿಯುವ ಕೆಲಸ. ಮೇಲಿನ ಒಣ ಪದರ ಸರಿಸಿದರೆ ಒಳಗೆ ಕಪ್ಪಗೆ ಪುಡಿಪುಡಿಯಾದ ಗೊಬ್ಬರ. ಅದರಲ್ಲಿ ಸಗಣಿ ಯಾವುದು, ಕಣಕಿ ಯಾವುದು, ಬೂದಿ ಯಾವುದು ಎಂದು ಗುರುತಿಸಲು ಆಗದಿದ್ದರೆ ಅದು ಪಕ್ವವಾದಂತೆ. ಬುಟ್ಟಿ ಬುಟ್ಟಿಯಾಗಿ ಬಂಡಿಗೆ ತುಂಬಿ, ಹೊಲದಲ್ಲಿ ಅಳತೆಯ ಅಂತರಕ್ಕೆ ಸಣ್ಣ ಸಣ್ಣ ಗುಪ್ಪೆ ಹಾಕಿ, ಮುಂಗಾರಿಗೆ ಮೊದಲು ಹರವುತ್ತಿದ್ದರು. ವರ್ಷದ ಕಸ ವರ್ಷದೊಳಗೆ ಮುಗಿಯುತ್ತಿತ್ತು. ಕೆಟ್ಟ ಮಣ್ಣಿನವನು ಹೆಚ್ಚು ಬಂಡಿ ಹೊಡೆಯಬೇಕು ಎಂದು ಅಕ್ಕಪಕ್ಕದವರ ತಿಪ್ಪೆಯನ್ನು ಕೊಳ್ಳುವುದೂ ಇತ್ತು.

ಕೊಳ್ಳುವ ಮಾತು ಬಂತು ಎಂದರೆ ಅದಕ್ಕೆ ಹಕ್ಕಿತ್ತು ಎಂದೇ ಅರ್ಥ. ಅಣ್ಣತಮ್ಮಂದಿರು ಬೇರೆಯಾಗುವಾಗ ಮನೆ, ಕಣ, ಬಣವೆಯ ಜಾಗದ ಜತೆಗೆ ತಿಪ್ಪೆ ಜಾಗವೂ ಪಾಲಿಗೆ ಬರುತ್ತಿತ್ತು. ತಿಪ್ಪೆ ಜಾಗದ ತಂಟೆ ಹಳ್ಳಿಯ ಪಂಚಾಯಿತಿ ಕಟ್ಟೆಗೆ ಹೊಸದಲ್ಲ. ದೀಪಾವಳಿಯ ಪಾಡ್ಯಕ್ಕೆ ಉತ್ತರ ಕರ್ನಾಟಕದ ಮನೆಗಳಲ್ಲಿ ಸಗಣಿಯ ಪಾಂಡವರನ್ನು ಮಾಡಿ, ಉತ್ತರಾಣಿ ಕಡ್ಡಿ, ಚೆಂಡು ಹೂ ಚುಚ್ಚಿ ಹೊಸ್ತಿಲಿಗೆ ಇಡುತ್ತಾರೆ. ತಿಪ್ಪೆಯ ಮೇಲೂ ಒಂದು ದೀಪ ಹಚ್ಚುತ್ತಾರೆ. ಹುಟ್ಟಿದ ಕೂಸುಗಳು ಉಳಿಯದ ಮನೆಯಲ್ಲಿ ಮತ್ತೊಂದು ಕೂಸು ಹುಟ್ಟಿದರೆ ಅದನ್ನು ತಿಪ್ಪೆಯ ಮೇಲೆ ಒಂದು ಗಳಿಗೆ ಮಲಗಿಸಿ, ತಿಪ್ಪಣ್ಣ, ತಿಪ್ಪವ್ವ ಎಂದು ಹೆಸರಿಟ್ಟು ಎತ್ತಿಕೊಳ್ಳುತ್ತಿದ್ದರು. ಬಿಸಾಡಿದ್ದನ್ನು ಸಾವು ಮುಟ್ಟುವುದಿಲ್ಲ ಎಂಬ ನಂಬಿಕೆ ಇದರಲ್ಲಿದೆ ಎನ್ನುತ್ತಾರೆ. ನನಗೆ ಇನ್ನೊಂದು ಅರ್ಥವೂ ತೋಚುತ್ತದೆ: ಸತ್ತದ್ದು, ಕೊಳೆತದ್ದು ಮತ್ತೆ ಜೀವವಾಗಿ ಬರುವ ಜಾಗ ಊರಲ್ಲಿ ಅದೊಂದೇ ಎಂದು ಒಕ್ಕಲು ಮನೆಗೆ ಗೊತ್ತಿತ್ತು. ಈ ಹೆಸರಿನ ಜನ ರಾಯಚೂರು ಸೀಮೆಯಲ್ಲಿ ಇಂದಿಗೂ ಎಷ್ಟೋ ಇದ್ದಾರೆ. ಒಂದು ಮಾತನ್ನು ಇಲ್ಲಿಯೇ ಹೇಳಬೇಕು. ತಿಪ್ಪೆ ಇದ್ದದ್ದು ದನ ಇದ್ದವನಿಗೆ, ದನ ಇದ್ದದ್ದು ಹೊಲ ಇದ್ದವನಿಗೆ. ಕೂಲಿಯ ಮನೆಯವರು ಇನ್ನೊಬ್ಬರ ತಿಪ್ಪೆ ಹೊತ್ತರು, ಅವರಿಗೆ ತಮ್ಮದೆಂಬ ತಿಪ್ಪೆ ಇರಲಿಲ್ಲ.

ನೀರಿನ ವಿಷಯದಲ್ಲೂ ಲೆಕ್ಕ ಇದೇ. ಕೆರೆ ಕಟ್ಟಿಸಿದವರ ಹೆಸರನ್ನು ಶಾಸನಗಳಲ್ಲಿ ಓದಿ ಹೆಮ್ಮೆಪಡುತ್ತೇವೆ, ಕೆರೆ ಹಸನಾಗಿಟ್ಟವರಿಗೆ ಏನು ಕೊಟ್ಟರು ಎಂಬ ಸಾಲನ್ನು ದಾಟಿ ಹೋಗುತ್ತೇವೆ. ಕನ್ನಡ ಶಾಸನಗಳಲ್ಲಿ ಬಿತ್ತುವಟ್ಟ, ಕಟ್ಟುಗೊಡಗೆ ಎಂಬ ಮಾತುಗಳು ಮತ್ತೆ ಮತ್ತೆ ಬರುತ್ತವೆ. ಕೆರೆಯ ಏರಿ, ತೂಬು ನೋಡಿಕೊಳ್ಳುವವರಿಗೆ, ಹೂಳು ತೆಗೆಯುವ ಕೆರೆಬಂಡಿಯ ಖರ್ಚಿಗೆ ಬಿಟ್ಟ ಭೂಮಿ ಅದು. ಅಂದರೆ ಕೆರೆಯ ಸ್ವಚ್ಛತೆ ಯಾರದೋ ಉಮೇದಿನ ಮೇಲೆ ನಿಂತಿರಲಿಲ್ಲ, ಅದಕ್ಕೆ ಉಂಬಳಿ ಇತ್ತು. ಬೇಸಿಗೆಯಲ್ಲಿ ಕೆರೆ ಬತ್ತಿದಾಗ ಗೋಡು ಮಣ್ಣನ್ನು ರೈತರು ಬಂಡಿ ಕಟ್ಟಿ ಹೊಲಕ್ಕೆ ಒಯ್ಯುತ್ತಿದ್ದರು. ಕೆರೆಗೆ ಹೂಳು ಕಸ, ಮಸಾರಿ ಹೊಲಕ್ಕೆ ಅದೇ ಸತ್ವ. ರಾಯಚೂರಿನ ಕೋಟೆಯ ಸುತ್ತ 1294ರಿಂದ ಬೇರೆ ಬೇರೆ ಅರಸರು ಬಂದುಹೋದರು. ಕಾಕತೀಯರ ಕೋಟೆಗೆ ಬಹಮನಿಗಳು, ವಿಜಯನಗರದವರು, ಆದಿಲಶಾಹಿಗಳು ತಮ್ಮ ತಮ್ಮ ಗೋಡೆ ಬಾಗಿಲು ಸೇರಿಸಿದರು. 1520ರಲ್ಲಿ ಕೃಷ್ಣದೇವರಾಯ ಇದಕ್ಕಾಗಿ ಘೋರ ಯುದ್ಧವನ್ನೇ ಮಾಡಿದ. ಇಷ್ಟೆಲ್ಲದರ ನಡುವೆ ಊರು ನೀರು ಕುಡಿದದ್ದು ಖಾಸ್ ಬಾವಿ, ಆಮ್ ತಲಾಬಿನಂಥ ನೆಲೆಗಳಿಂದ. ಉರ್ದುವಿನಲ್ಲಿ ‘ಆಮ್’ ಎಂದರೆ ಮಾವು, ಬರವಣಿಗೆ ಬೇರೆಯಾದರೂ ಕಿವಿಗೆ ಒಂದೇ ಆಗಿ ಕೇಳುವ ಇನ್ನೊಂದು ‘ಆಮ್’ ಎಂದರೆ ಎಲ್ಲರಿಗೂ ಸೇರಿದ್ದು. ಊರಿನ ಕನ್ನಡ ನಾಲಿಗೆಯಲ್ಲಿ ಮಾವಿನಕೆರೆ ಎಂಬ ಹೆಸರು ನಿಂತಿತು. ‘ಎಲ್ಲರಿಗೂ ಸೇರಿದ್ದು’ ಎಂಬ ಅರ್ಥವನ್ನೂ ಕಾಯ್ದುಕೊಳ್ಳಬೇಕಿತ್ತು ಎಂದು, ಕೆರೆಗೆ ಚರಂಡಿ ನೀರು ಇಳಿದದ್ದನ್ನೂ ಅದರ ಅಂಗಳ ಒತ್ತುವರಿಯಾದದ್ದನ್ನೂ ಕಂಡಾಗ ಅನ್ನಿಸುತ್ತದೆ. ನಲ್ಲಿ ನೀರು ಬಂದ ಮೇಲೆ ಕೆರೆಯ ನೀರು ಯಾರಿಗೂ ಬೇಡವಾಯಿತು. ಬೇಡವಾದ ಮೇಲೆ ಕಾಯುವವರೂ ಇಲ್ಲವಾದರು.

ಇಷ್ಟು ಹೇಳಿದೊಡನೆ ಒಂದು ಆಕ್ಷೇಪ ಬರುತ್ತದೆ, ಬರಲೇಬೇಕು. ಹಳೆಯ ಊರು ಹಸನಾಗಿತ್ತು ಎಂದು ಹೊಗಳುವುದು ಸುಲಭ, ಹಸನು ಮಾಡುತ್ತಿದ್ದವರು ಯಾರು? ಈ ಸೀಮೆ ಸೇರಿದ್ದ ನಿಜಾಮರ ಸಂಸ್ಥಾನದಲ್ಲಿ ಬಿಟ್ಟಿ ಚಾಕರಿ ಎಂಬುದಿತ್ತು. ಚಾವಡಿಯ ಕಸ ಹೊಡೆಯುವುದು, ಅಧಿಕಾರಿಯ ಕುದುರೆಗೆ ಹುಲ್ಲು ತರುವುದು, ಸತ್ತ ದನ ಎಳೆಯುವುದು, ಇವು ಇಂಥ ಕೇರಿಯವರ ಪಾಲು ಎಂದು ಹುಟ್ಟಿನಿಂದಲೇ ಬರೆದಿಟ್ಟಂತಿತ್ತು. ಅದಕ್ಕೆ ಕೂಲಿಯಿಲ್ಲ, ಬೇಡ ಎನ್ನುವ ಹಕ್ಕೂ ಇಲ್ಲ. ಪಟ್ಟಣಗಳಲ್ಲಿ ಇನ್ನೂ ಕ್ರೂರವಾದದ್ದು ನಡೆಯಿತು. ಮನೆಗಳ ಹಿಂಬದಿಯ ಪಾಯಖಾನೆಯಿಂದ ಮಲವನ್ನು ತಗಡಿನ ಡಬ್ಬಿಗೆ ಗೋರಿ, ತಲೆಯ ಮೇಲೆ ಹೊತ್ತು ಊರಾಚೆ ಹಾಕಿ ಬರುವ ಕೆಲಸ ಕೆಲವೇ ಜಾತಿಗಳ ಗಂಡಸರು ಹೆಂಗಸರ ಮೇಲೆ ಬಿತ್ತು. ದೇವರಾಜ ಅರಸು ಸಂಪುಟದಲ್ಲಿ ಸಚಿವರಾಗಿದ್ದ ಬಿ. ಬಸವಲಿಂಗಪ್ಪನವರು 1970ರ ದಶಕದಲ್ಲಿ ತಲೆಯ ಮೇಲೆ ಮಲ ಹೊರುವುದನ್ನು ರಾಜ್ಯದಲ್ಲಿ ನಿಷೇಧಿಸಿದರು. ದೇಶಕ್ಕೆ ಕಾನೂನು ಬರಲು 1993 ಆಗಬೇಕಾಯಿತು, ಅದು ಸಾಲದೆ 2013ರಲ್ಲಿ ಇನ್ನೊಂದು ಬಂತು. ಆದ್ದರಿಂದ ಹಳೆಯದಕ್ಕೆ ಮರಳೋಣ ಎಂದು ನಾನು ಹೇಳುತ್ತಿಲ್ಲ. ಹಳೆಯ ವ್ಯವಸ್ಥೆಯಲ್ಲಿ ಎರಡು ಎಳೆಗಳು ಹೆಣೆದುಕೊಂಡಿದ್ದವು. ಕಸವನ್ನು ಬೇಕೆಂದು ಕೊಂಡೊಯ್ಯುವ ಎಳೆ ಒಂದು, ಅದನ್ನು ಒಬ್ಬರ ತಲೆಗೆ ಕಟ್ಟುವ ಎಳೆ ಇನ್ನೊಂದು. ಎರಡನೆಯದನ್ನು ಕಡಿಯುವುದು ನ್ಯಾಯವಾಗಿತ್ತು. ಮೊದಲನೆಯದೂ ಜತೆಗೇ ಹರಿದುಹೋಯಿತು ಎಂಬುದು ನಮ್ಮ ಇಂದಿನ ಸಂಕಟ. ಇವೆರಡನ್ನೂ ಬಿಡಿಸಿ ನೋಡದವರು, ಒಂದೋ ಹಳೆಯ ಕಾಲವನ್ನು ಪೂರ್ತಿ ಹೊಗಳುತ್ತಾರೆ, ಇಲ್ಲವೇ ಪೂರ್ತಿ ತಳ್ಳುತ್ತಾರೆ.

ತಿಪ್ಪೆ ಹಳ್ಳಿಗೆ ಸರಿ, ಶಹರಕ್ಕೆ ಆಗದು ಎನ್ನುವವರಿಗೆ ಕೊಡುವ ಉತ್ತರವು ಕರ್ನಾಟಕದ ಇತಿಹಾಸದಲ್ಲೇ ಇದೆ. 1871ರಲ್ಲಿ ಮುಂಬೈ ಕಡೆಯ ರೈಲೂ ಮದ್ರಾಸ್ ಕಡೆಯ ರೈಲೂ ರಾಯಚೂರಿನಲ್ಲಿ ಕೂಡಿದವು. ಕೋಟೆಯ ಊರು ಸ್ಟೇಷನ್ನಿನ ಊರಾಯಿತು. ಹತ್ತಿ, ಎಣ್ಣೆಕಾಳಿನ ವ್ಯಾಪಾರ ಬೆಳೆಯಿತು, ಜನ ಬಂದರು, ಹೊಲವಿಲ್ಲದ ಮನೆಗಳು ಸಾಲುಗಟ್ಟಿದವು. ಹೊಲವಿಲ್ಲದ ಮನೆಯ ಕಸ ಎಲ್ಲಿಗೆ ಹೋಗಬೇಕು ಎಂಬ ಪ್ರಶ್ನೆ ಹುಟ್ಟಿದ್ದು ಆಗ, ಭಾರತದ ಪ್ರತಿ ಪಟ್ಟಣದಲ್ಲೂ. ಇದಕ್ಕೆ ಒಂದು ಒಳ್ಳೆಯ ಉತ್ತರ 1939ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ. ಎನ್. ಆಚಾರ್ಯ ಅವರಿಂದ ಬಂತು. ಉದ್ದನೆಯ ಗುಂಡಿ ತೋಡಿ, ಬೀದಿಯ ಕಸದ ಒಂದು ಪದರ, ಮಲದ ಒಂದು ಪದರ ಹಾಕುತ್ತ ಹೋಗಿ, ಮೇಲೆ ಮಣ್ಣು ಮೆತ್ತಿ ತಿಂಗಳುಗಟ್ಟಲೆ ಬಿಟ್ಟರೆ ನೊಣ ಏಳುವುದಿಲ್ಲ, ವಾಸನೆ ಬರುವುದಿಲ್ಲ, ಒಳಗೆ ಗೊಬ್ಬರ ಸಿದ್ಧವಾಗುತ್ತದೆ. ಜಗತ್ತಿನ ಕೃಷಿ ಪುಸ್ತಕಗಳು ಇದನ್ನು ಇಂದಿಗೂ ಬೆಂಗಳೂರು ಪದ್ಧತಿ ಎಂದೇ ಕರೆಯುತ್ತವೆ. 1940ರ ದಶಕದ ಆಹಾರದ ಕೊರತೆಯಲ್ಲಿ ಇದನ್ನು ದೇಶದ ಪಟ್ಟಣಗಳಿಗೆ ಹಬ್ಬಿಸುವ ಯತ್ನ ನಡೆಯಿತು. ಪುರಸಭೆ ತಯಾರಿಸಿದ ಗೊಬ್ಬರವನ್ನು ಸುತ್ತಲಿನ ರೈತ ಬಂಡಿ ತಂದು ಕೊಂಡು ಹೋಗಬೇಕು ಎಂಬುದು ಯೋಜನೆ. ಅಂದರೆ ತಿಪ್ಪೆಯ ತರ್ಕವನ್ನೇ ಶಹರದ ಅಳತೆಗೆ ಹೊಲಿದದ್ದು. ಇದೇ ವಿಚಾರದ ಮುಂದುವರಿಕೆಯಾಗಿ 1975ರಲ್ಲಿ ಕರ್ನಾಟಕ ಕಾಂಪೋಸ್ಟ್ ಅಭಿವೃದ್ಧಿ ನಿಗಮ ಹುಟ್ಟಿತು. ಊರ ಕಸ ಹೊಲಕ್ಕೆ ಹೋಗಬೇಕೆಂದು ನಮ್ಮ ರಾಜ್ಯದಲ್ಲಿ ಅರ್ಧ ಶತಮಾನದ ಹಿಂದೆಯೇ ಒಂದು ನಿಗಮ ಇತ್ತೆಂಬುದು ಇಂದಿನ ಜಾಥಾಗಳಲ್ಲಿ ಯಾರೂ ಹೇಳದ ಸಂಗತಿ.

ಹಾಗಿದ್ದೂ ಕೊಳ್ಳುವವನು ಕೈಬಿಟ್ಟದ್ದು ಹೇಗೆ? ಇಲ್ಲಿ ಮಾನ್ವಿ, ದೇವದುರ್ಗಗಳ ಕಥೆಯನ್ನು ಹೇಳಬೇಕು. 1953ರಲ್ಲಿ ತುಂಗಭದ್ರೆಯ ಅಣೆಕಟ್ಟಿನಿಂದ ಕಾಲುವೆಗೆ ನೀರು ಬಿಟ್ಟ ಮೇಲೆ ಎಡದಂಡೆ ನಾಲೆ ಸಿಂಧನೂರು, ಮಾನ್ವಿ, ರಾಯಚೂರುಗಳ ಜೋಳದ ಹೊಲಗಳನ್ನು ಭತ್ತದ ಗದ್ದೆಯಾಗಿಸಿತು. ದೇವದುರ್ಗದ ಕಡೆಗೆ ನಾರಾಯಣಪುರ ಬಲದಂಡೆ ನಾಲೆ ನೀರು ತಂದಿತು. ಬರದ ಸೀಮೆಗೆ ಅದು ದೊಡ್ಡ ವರ. ಆದರೆ ನೀರಿನ ಹಿಂದೆಯೇ ಯೂರಿಯಾ ಚೀಲ ಬಂತು, ಚೀಲದ ಹಿಂದೆ ಟ್ರ್ಯಾಕ್ಟರ್ ಬಂತು. ಟ್ರ್ಯಾಕ್ಟರ್ ಬಂದ ಮನೆಯಲ್ಲಿ ಎತ್ತು ಇಳಿದವು, ಎತ್ತು ಇಳಿದ ಮನೆಯಲ್ಲಿ ತಿಪ್ಪೆ ಕುಗ್ಗಿತು. ಕಟಾವು ಯಂತ್ರ ಬಂದ ಮೇಲೆ ಗದ್ದೆಯಲ್ಲಿ ಉಳಿದ ಭತ್ತದ ಹುಲ್ಲಿಗೆ ಕಡ್ಡಿ ಗೀರುವುದು ರೂಢಿಯಾಯಿತು. ದನಗಾಹಿಗಳ ಬೂದಿದಿಬ್ಬಕ್ಕೂ ಇದಕ್ಕೂ ಮೂರ್ನಾಲ್ಕು ಸಾವಿರ ವರ್ಷಗಳ ಅಂತರ, ಆದರೆ ಕಾರಣ ಒಂದೇ. ಬೇಕೆನ್ನುವವನಿಲ್ಲದ್ದನ್ನು ಸುಡುತ್ತಾರೆ. ಇತ್ತ ಶಹರದ ಕಸದ ಬುಟ್ಟಿಯಲ್ಲಿ ಪ್ಲಾಸ್ಟಿಕ್ ಸೇರಿತು. ಗಾಜಿನ ಚೂರು, ಹಾಲಿನ ಪ್ಯಾಕೆಟ್ಟು ಬೆರೆತ ಗೊಬ್ಬರವನ್ನು ಯಾವ ರೈತನೂ ಎರೆಹೊಲಕ್ಕೆ ಹಾಕಲಾರ, ಅದು ಅವನ ತಪ್ಪೂ ಅಲ್ಲ. ರಾಯಚೂರು ನಗರದ ಜನಸಂಖ್ಯೆ 2011ರಲ್ಲಿ 2.34 ಲಕ್ಷ ಮುಟ್ಟುವ ಹೊತ್ತಿಗೆ, ನಗರದ ಕಸಕ್ಕೂ ಸುತ್ತಲಿನ ಹೊಲಕ್ಕೂ ನಡುವಿನ ದಾರಿ ಮುಚ್ಚಿಹೋಗಿತ್ತು.

ಶ್ರಮದಾನದ ಕಥೆ ಈ ಮುಚ್ಚಿದ ದಾರಿಯ ಪಕ್ಕದಲ್ಲೇ ನಡೆದದ್ದು. 1952ರ ಅಕ್ಟೋಬರ್ 2ರಂದು ಸಮುದಾಯ ಅಭಿವೃದ್ಧಿ ಯೋಜನೆ ಶುರುವಾದಾಗ ಗ್ರಾಮಸೇವಕರು ಹಳ್ಳಿಗಳಲ್ಲಿ ಬಚ್ಚಲ ನೀರಿಗೆ ಇಂಗುಗುಂಡಿ ತೋಡಿಸಿದರು, ಗೊಬ್ಬರದ ಗುಂಡಿ ಮಾಡಿಸಿದರು. 1969ರಲ್ಲಿ ರಾಷ್ಟ್ರೀಯ ಸೇವಾ ಯೋಜನೆ ಬಂದು ಕಾಲೇಜು ಹುಡುಗರನ್ನು ಹಳ್ಳಿಯ ಶಿಬಿರಗಳಿಗೆ ಕರೆತಂದಿತು. 2014ರ ಅಕ್ಟೋಬರ್ 2ರಿಂದ ಸ್ವಚ್ಛ ಭಾರತ ಅಭಿಯಾನ. ಮೂರರಲ್ಲೂ ಪೊರಕೆ ಒಂದೇ, ಆದರೆ ಅದನ್ನು ಹಿಡಿದ ಕೈಗೆ ಸಿಕ್ಕ ಬೆಲೆ ಒಂದೇ ಅಲ್ಲ. ಬಿಟ್ಟಿಯ ನೆನಪಿರುವ ಕೇರಿಯಲ್ಲಿ ‘ಪುಕ್ಕಟೆ ಬಂದು ಕಸ ಹೊಡೆಯಿರಿ’ ಎಂಬ ಕರೆಗೆ ಉತ್ಸಾಹ ಕಾಣದಿದ್ದರೆ ಅದನ್ನು ಅಜ್ಞಾನ ಎನ್ನಬಾರದು. ಒಂದೇ ಕೆಲಸವನ್ನು ಒಬ್ಬರು ವರ್ಷಕ್ಕೊಂದು ದಿನ ಮಾಡಿದರೆ ಅದು ಸೇವೆ, ಇನ್ನೊಬ್ಬರು ದಿನವೂ ಮಾಡಿದರೆ ಅದು ಅವರ ಕರ್ಮ ಎಂದಾಗುತ್ತಿದ್ದರೆ ಆ ಸೇವೆಯಲ್ಲಿ ಏನೋ ಕೊರತೆಯಿದೆ. ನೆರೆಯ ಮಹಾರಾಷ್ಟ್ರದಲ್ಲಿ ಅಗಸರ ಮನೆಯಲ್ಲಿ ಹುಟ್ಟಿದ ಗಾಡಗೆ ಮಹಾರಾಜರು (1876–1956) ಊರಿಗೆ ಕಾಲಿಟ್ಟೊಡನೆ ಮೊದಲು ಪೊರಕೆ ಹಿಡಿದು ಬೀದಿ ಗುಡಿಸುತ್ತಿದ್ದರು, ಕತ್ತಲಾದ ಮೇಲೆ ಅದೇ ಜನರೆದುರು ಕೀರ್ತನೆ ಮಾಡಿ ಜಾತಿಯನ್ನೂ ಮೂಢನಂಬಿಕೆಯನ್ನೂ ಝಾಡಿಸುತ್ತಿದ್ದರು. ಬೀದಿ ಗುಡಿಸುವುದಕ್ಕೂ ಜಾತಿ ಬಿಡಿಸುವುದಕ್ಕೂ ಇರುವ ನಂಟು ಅವರಿಗೆ ತಿಳಿದಿತ್ತು. ನಮ್ಮಲ್ಲಿ ಹನ್ನೆರಡನೆಯ ಶತಮಾನದ ಸತ್ಯಕ್ಕನಿಗೆ ಶರಣರ ಅಂಗಳ ಗುಡಿಸುವುದೇ ಕಾಯಕವಾಗಿತ್ತು, ಆ ಕಾಯಕ ಮಾಡುತ್ತಲೇ ಆಕೆ ವಚನಕಾರ್ತಿಯಾಗಿ ನಿಂತಳು.

ಹಾಗಾದರೆ ಅಭಿಯಾನಗಳು ವ್ಯರ್ಥವೇ? ಫೋಟೊಗಾಗಿ ಮಾಡುತ್ತಾರೆ, ಮರುದಿನ ಕಸ ಅಲ್ಲೇ ಇರುತ್ತದೆ ಎನ್ನುವವರು ಬಹಳ. ತೆರಿಗೆ ಕಟ್ಟುತ್ತೇವೆ, ಇದು ಪಾಲಿಕೆಯ ಕೆಲಸ, ನಾವೇಕೆ ಮಾಡಬೇಕು ಎನ್ನುವವರೂ ಇದ್ದಾರೆ. ಎರಡನೆಯ ಮಾತಿನಲ್ಲಿ ಸತ್ಯವಿದೆ. ರಾಜ್ಯ ಸರಕಾರ ನೇಮಿಸಿದ ಐ.ಪಿ.ಡಿ. ಸಾಲಪ್ಪ ಸಮಿತಿ 1970ರ ದಶಕದಲ್ಲೇ 500 ಜನಕ್ಕೆ ಒಬ್ಬ ಪೌರಕಾರ್ಮಿಕರು ಬೇಕೆಂದು ಹೇಳಿತ್ತು. ಆ ಅಳತೆ ಹಿಡಿದರೆ 2011ರ ರಾಯಚೂರಿಗೇ 460ಕ್ಕೂ ಹೆಚ್ಚು ಜನ ಬೇಕು. ಸ್ವಯಂಸೇವಕರು ಆ ಖಾಲಿ ಜಾಗವನ್ನು ತುಂಬಲಾರರು, ತುಂಬಲೂಬಾರದು. ಆದರೂ ಅಭಿಯಾನ ಬೇಕೆಂದು ನಾನು ಹೇಳುವುದಕ್ಕೆ ಕಾರಣ ಬೇರೆ. 2022ರ ಮೇ ಕೊನೆಯಲ್ಲಿ ರಾಯಚೂರು ನಗರದ ನಲ್ಲಿಯಲ್ಲಿ ಬಂದ ಕಲುಷಿತ ನೀರು ಕುಡಿದು ಜನ ಸತ್ತರು, ಆಸ್ಪತ್ರೆಗಳು ವಾಂತಿಭೇದಿಯ ರೋಗಿಗಳಿಂದ ತುಂಬಿದವು. ಮರುವರ್ಷ ಅದೇ ಮೇ ತಿಂಗಳಲ್ಲಿ ದೇವದುರ್ಗ ತಾಲ್ಲೂಕಿನ ರೇಕಲಮರಡಿಯಲ್ಲಿ ಅಂಥದೇ ನೀರು ಒಂದು ಮಗುವನ್ನು ಬಲಿ ತೆಗೆದುಕೊಂಡಿತು. ಎರಡು ನದಿಗಳ ನಡುವಿನ ನಾಡಿನಲ್ಲಿ ಜನ ನೀರು ಕುಡಿದು ಸಾಯುವುದೆಂದರೆ, ಕಸ, ಚರಂಡಿ, ಕುಡಿಯುವ ನೀರು ಇವು ಮೂರು ಇಲಾಖೆಗಳ ಮೂರು ಕಡತಗಳಲ್ಲ ಎಂದು ಅರ್ಥ. ಮಾವಿನಕೆರೆಯ ದಂಡೆಗೋ ಕೋಟೆಯ ಕಂದಕಕ್ಕೋ ಇಳಿದು ಅರ್ಧ ದಿನ ಕಸ ಎತ್ತಿದವನಿಗೆ ಈ ನಂಟು ಯಾರೂ ಹೇಳಿಕೊಡಬೇಕಾಗಿಲ್ಲ. ಯಾವ ಓಣಿಯ ಗಟಾರು ಎಲ್ಲಿ ಬಂದು ಬೀಳುತ್ತದೆ, ಅದರ ಪಕ್ಕದಲ್ಲಿ ಯಾವ ಪೈಪು ಹಾದುಹೋಗಿದೆ ಎಂದು ಕಣ್ಣಿಗೆ ಕಾಣುತ್ತದೆ. ಕಂಡವರ ಪ್ರಶ್ನೆಗೆ ಕಚೇರಿಯಲ್ಲಿ ತೂಕ ಬರುತ್ತದೆ. ಇನ್ನೊಂದು ಕಾರಣ, ಮಾಸ್ತರರ ಕೈ, ಅಂಗಡಿಕಾರರ ಕೈ, ಕಾಲೇಜು ಹುಡುಗಿಯ ಕೈ ಕಸ ಮುಟ್ಟಿದಾಗ, ಅದು ಇಂಥವರಷ್ಟೇ ಮುಟ್ಟುವ ವಸ್ತು ಎಂಬ ಹಳೆಯ ಗಂಟು ಒಂದು ಸುತ್ತಾದರೂ ಸಡಿಲವಾಗುತ್ತದೆ.

ಅಭಿಯಾನ ಮುಗಿದ ಮೇಲೆ ಕಟ್ಟಿಟ್ಟ ಚೀಲದಲ್ಲಿ ಏನಿರುತ್ತದೆ ಎಂದು ಒಮ್ಮೆ ಸುರುವಿ ನೋಡುವುದು, ನನ್ನ ಅಭಿಪ್ರಾಯದಲ್ಲಿ, ಇಡೀ ದಿನದ ಅತಿ ಮುಖ್ಯವಾದ ಕೆಲಸ. ನೀರಿನ ಬಾಟಲಿ, ರಟ್ಟು, ಕಬ್ಬಿಣದ ತುಂಡು ಅದರಲ್ಲಿ ಅಷ್ಟಾಗಿ ಇರುವುದಿಲ್ಲ. ಅವನ್ನು ಆಯುವವರು ಬೆಳಕು ಹರಿಯುವ ಮೊದಲೇ ಆಯ್ದು ಗುಜರಿ ಅಂಗಡಿಗೆ ಮುಟ್ಟಿಸಿರುತ್ತಾರೆ. ಅವರಿಗೆ ಸಂಬಳವಿಲ್ಲ, ಸಮವಸ್ತ್ರವಿಲ್ಲ, ಆದರೆ ಶಹರದ ಒಣಕಸಕ್ಕೆ ಇಂದು ಉಳಿದಿರುವ ಒಡೆಯರು ಅವರೇ. ಚೀಲದಲ್ಲಿ ಉಳಿದಿರುವುದು ಗುಟ್ಕಾದ ಚೀಟಿ, ಶಾಂಪೂವಿನ ಪುಡಕಿ, ಕುರುಕಲು ತಿಂಡಿಯ ಬೆಳ್ಳಿಬಣ್ಣದ ಹಾಳೆ, ಮದುವೆ ಊಟದ ಥರ್ಮಾಕೋಲ್ ತಟ್ಟೆ, ತೆಳು ಕೈಚೀಲ. ಅಂದರೆ ಗುಜರಿಯವನಿಗೂ ಬೇಡವಾದದ್ದು, ಮಣ್ಣಿಗೂ ಬೇಡವಾದದ್ದು. ಇಲ್ಲಿ ನನ್ನ ವಾದಕ್ಕೆ ಬಲವಾದ ಆಕ್ಷೇಪ ಎದುರಾಗುತ್ತದೆ: ಯಾರಿಗೂ ಬೇಡದ್ದಕ್ಕೆ ಒಡೆಯನನ್ನು ಎಲ್ಲಿಂದ ತರುವುದು? ಇದಕ್ಕೆ ಉತ್ತರ ರಾಯಚೂರಿನ ಬಾಗಿಲಲ್ಲೇ ಇದೆ. ಶಕ್ತಿನಗರದ ಶಾಖೋತ್ಪನ್ನ ಸ್ಥಾವರದ ಮೊದಲ ಘಟಕ 1985ರಲ್ಲಿ ಶುರುವಾದಾಗ ಅದರ ಹಾರುಬೂದಿಯೂ ಯಾರಿಗೂ ಬೇಡವಾಗಿತ್ತು. 1999ರಲ್ಲಿ ಕೇಂದ್ರ ಸರಕಾರ ಒಂದು ಅಧಿಸೂಚನೆ ಹೊರಡಿಸಿ, ಸ್ಥಾವರದಿಂದ 50 ಕಿ.ಮೀ. ಒಳಗಿನ ಇಟ್ಟಿಗೆ ಭಟ್ಟಿಗಳು ಮಣ್ಣಿನ ಜತೆ ಬೂದಿ ಬೆರೆಸಲೇಬೇಕು, ಸ್ಥಾವರ ಆ ಬೂದಿಯನ್ನು ಪುಕ್ಕಟೆ ಕೊಡಲೇಬೇಕು ಎಂದಿತು. ಸಿಮೆಂಟಿನವರೂ ಇಟ್ಟಿಗೆಯವರೂ ಬೂದಿಗೆ ಬೆಲೆ ಕಂಡುಕೊಂಡರು. ಬೂದಿಯ ಧೂಳಿನ ಬಾಧೆ ಸುತ್ತಲಿನವರಿಗೆ ಪೂರ್ತಿ ತಪ್ಪಿಲ್ಲ, ಆದರೆ ಬೇಡದ್ದಕ್ಕೆ ಕಾನೂನು ಒಡೆಯನನ್ನು ಹುಟ್ಟಿಸಬಲ್ಲದು ಎಂಬುದಕ್ಕೆ ಸಾಕ್ಷಿ ಸಿಕ್ಕಿತು. ಪ್ಲಾಸ್ಟಿಕ್ ಪುಡಕಿಯಲ್ಲಿ ಸರಕು ಮಾರುವ ಕಂಪನಿಯೇ ಅದನ್ನು ಹಿಂದಕ್ಕೆ ಪಡೆಯುವ ಹೊಣೆ ಹೊರಬೇಕೆಂದು 2016ರ ಪ್ಲಾಸ್ಟಿಕ್ ತ್ಯಾಜ್ಯ ನಿಯಮಗಳೂ ಹೇಳುತ್ತವೆ. ಅಭಿಯಾನದ ದಿನ ಚೀಲ ಸುರುವಿ, ಯಾವ ಕಂಪನಿಯ ಪುಡಕಿ ಎಷ್ಟು ಎಂದು ಎಣಿಸಿ ಬರೆದಿಟ್ಟರೆ ಆ ನಿಯಮಕ್ಕೆ ಹಲ್ಲು ಬರುತ್ತದೆ. ಮಕ್ಕಳ ಕೈಗೆ ಫಲಕದ ಬದಲು ಒಂದು ನೋಟುಬುಕ್ಕು ಕೊಟ್ಟರೂ ಸಾಕು.

ಹಳ್ಳಿಗಳಲ್ಲಿ ಒಂದು ಒಳ್ಳೆಯ ಹೆಜ್ಜೆ ಈಗಾಗಲೇ ಬಿದ್ದಿದೆ. ಗ್ರಾಮ ಪಂಚಾಯಿತಿಗಳ ಕಸ ವಿಂಗಡಿಸುವ ಸ್ವಚ್ಛ ಸಂಕೀರ್ಣಗಳನ್ನು ಮಹಿಳಾ ಸ್ವಸಹಾಯ ಸಂಘಗಳಿಗೆ ವಹಿಸುವ ವ್ಯವಸ್ಥೆ ರಾಜ್ಯದಲ್ಲಿ ಬಂದಿದೆ. ಕಸ ಒಯ್ಯುವ ಸ್ವಚ್ಛವಾಹಿನಿಯ ಸ್ಟಿಯರಿಂಗ್ ಹಿಡಿದು ಹೆಣ್ಣುಮಕ್ಕಳೇ ಮನೆಮನೆಗೆ ಬರುತ್ತಾರೆ. ಹಿಂದೆ ಇನ್ನೊಬ್ಬರ ತಿಪ್ಪೆ ಹೊತ್ತ ಮನೆಗಳ ಹೆಣ್ಣುಮಗಳಿಗೆ ಕಸದ ಮೇಲೆ ಈಗ ಕೂಲಿಯೂ ಇದೆ, ಮಾರುವ ಹಕ್ಕೂ ಇದೆ ಎಂದಾದರೆ, ಹಳೆಯ ಎರಡು ಎಳೆಗಳಲ್ಲಿ ಒಳ್ಳೆಯದನ್ನಷ್ಟೇ ಬಿಡಿಸಿ ತೆಗೆದಂತೆ. ಆದರೆ ಮನೆಯವರು ತಿಂಗಳ ಶುಲ್ಕ ಕೊಡದಿದ್ದರೆ, ಪಂಚಾಯಿತಿ ಗೌರವಧನ ತಡಮಾಡಿದರೆ, ಅದು ಮತ್ತೆ ಬಿಟ್ಟಿಯ ಕಡೆಗೇ ಜಾರುತ್ತದೆ.

ನಗರದ ಹಸಿಕಸದ ದಾರಿ ಮಾತ್ರ ಇನ್ನೂ ತೆರೆದಿಲ್ಲ. ತರಕಾರಿ ಮಾರುಕಟ್ಟೆಯ ಸೊಪ್ಪು, ಖಾನಾವಳಿಯ ಮುಸುರೆ, ಹೂವಿನ ಅಂಗಡಿಯ ಬಾಡಿದ ಹೂ, ಇವು ಕಳಿತರೆ ಆಗುವ ಗೊಬ್ಬರ ದೇವದುರ್ಗದ ಮಸಾರಿ ಹೊಲಕ್ಕೂ ಬೇಕು, ಯೂರಿಯಾ ತಿಂದು ದಣಿದ ಮಾನ್ವಿಯ ಗದ್ದೆಗೂ ಬೇಕು. 2008ರಲ್ಲಿ ಆರಂಭವಾದ ಕೃಷಿ ವಿಶ್ವವಿದ್ಯಾಲಯ ರಾಯಚೂರಿನಲ್ಲೇ ಇದೆ, ಆ ಗೊಬ್ಬರ ಹೊಲಕ್ಕೆ ತಕ್ಕುದೇ ಎಂದು ಪರೀಕ್ಷಿಸಿ ಹೇಳಲು ದೂರ ಹೋಗಬೇಕಿಲ್ಲ. ನಡುವೆ ಕೊರತೆಯಿರುವುದು ಬಂಡಿಯ ಬಾಡಿಗೆ. 2016ರಲ್ಲಿ ಕೇಂದ್ರ ಸರಕಾರ ನಗರಗಳ ಕಾಂಪೋಸ್ಟಿಗೆ ಟನ್ನಿಗೆ 1,500 ರೂಪಾಯಿ ನೆರವು ಘೋಷಿಸಿದಾಗ ಅದು ಮುಖ್ಯವಾಗಿ ಗೊಬ್ಬರ ಮಾರುವ ಕಂಪನಿಗಳ ಮೂಲಕ ಹರಿಯುವಂತೆ ಮಾಡಿತು, ಕಾಂಪೋಸ್ಟ್ ಅಂಗಡಿಯ ಚೀಲವಾಗಿ ರೈತನಿಗೆ ಬರಬೇಕಾಯಿತು. ತನ್ನ ಟ್ರ್ಯಾಕ್ಟರ್ ಕಟ್ಟಿಕೊಂಡು ನಗರದ ಘಟಕಕ್ಕೆ ನೇರವಾಗಿ ಬರುವ ದೇವದುರ್ಗದ ರೈತನಿಗೆ, ಹೋಗಿಬರುವ ಡೀಸೆಲ್ಲಿಗೆಂದು ಅಂಥ ನೆರವಿನ ಒಂದು ಪಾಲು ಕೊಟ್ಟು ನೋಡಿದರೆ ಏನಾಗುತ್ತದೆ ಎಂಬುದನ್ನು ಒಂದು ಬೇಸಿಗೆ, ಯುಗಾದಿಯಿಂದ ಮುಂಗಾರಿನವರೆಗೆ, ತಿಪ್ಪೆ ಕಡಿಯುವ ಆ ಎರಡು ತಿಂಗಳು, ಪ್ರಯೋಗ ಮಾಡಿ ತಿಳಿಯಬಹುದು. ಕೆರೆಬಂಡಿಗೆ ಭೂಮಿ ಬಿಟ್ಟವರು ಕೊಟ್ಟದ್ದೂ ಬಂಡಿಯ ಖರ್ಚನ್ನೇ.